ಪೂವಕ್ಕನ ಕತ್ತಿಗೆ ನಾನು ಕೊಟ್ಟ ಹೊಳಪು

೧೯೫೮ನೆಯ ಇಸವಿ, ಮೇ ತಿಂಗಳ ಆರನೆಯ ತಾರೀಕು, ಮಂಗಳವಾರ. ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ಸ್ಥಳ, ಮರ್ಕಂಜದ ನಮ್ಮ ಮನೆಯ ಮೂಡಣ ಜಗಲಿ. ಹಾಜರಿದ್ದವರು: ನಾನು, ನನ್ನ ಹೆಂಡತಿ ಗಂಗಮ್ಮ, ಮತ್ತು ಮಡಿಸಿದ ಬಿಳಿ ಬಟ್ಟೆಯ ಮೇಲೆ ಮಲಗಿದ್ದ ಒಂದು ಕತ್ತಿ. ಕತ್ತಿ ಎಷ್ಟು ಹೊಳೆಯುತ್ತಿತ್ತೆಂದರೆ, ಅದರ ಮೈಯಲ್ಲಿ ನೋಡಿಕೊಂಡು ನಾನು ಮೀಸೆಯ ಎಡತುದಿಯನ್ನು ಬಲತುದಿಗೆ ಸರಿಸಮವಾಗಿ ತಿದ್ದಿಕೊಂಡೆ.

ತಾರೀಕು, ಗಂಟೆ, ಹಾಜರಿ ಈ ಮೂರನ್ನು ಬರೆಯದೆ ನನಗೆ ಮುಂದಿನ ವಾಕ್ಯ ಹೊಳೆಯುವುದಿಲ್ಲ, ಓದುಗರು ಸಹಿಸಿಕೊಳ್ಳಬೇಕು. ಇಪ್ಪತ್ತೊಂದು ವರ್ಷ ಸೈನ್ಯದ ಉಗ್ರಾಣದಲ್ಲಿ ದುಡಿದು ಹವಾಲ್ದಾರನಾಗಿ ಊರಿಗೆ ಮರಳಿದವನು ನಾನು. ಅಲ್ಲಿ ಸೂಜಿಯೊಂದು ಕಪಾಟಿನಿಂದ ಹೊರಗೆ ಹೋಗಬೇಕಾದರೂ ಅದು ಯಾವ ಗಳಿಗೆಯಲ್ಲಿ, ಯಾರ ಸಮಕ್ಷಮದಲ್ಲಿ ಹೋಯಿತೆಂದು ದಾಖಲಾಗಬೇಕು. ಆ ಅಭ್ಯಾಸ ನನ್ನ ಖಾಸಗಿ ಪತ್ರಗಳನ್ನೂ ಬಿಟ್ಟಿರಲಿಲ್ಲ. ಮದುವೆಯಾದ ಹೊಸತರಲ್ಲಿ ನಾನು ಹೆಂಡತಿಗೆ ಬರೆದ ಪ್ರೇಮಪತ್ರವೂ ಇದೇ ಕ್ರಮದಲ್ಲಿ ಆರಂಭವಾಗಿತ್ತು. ಅವಳು ಮರು ಓಲೆಯಲ್ಲಿ, "ಹಾಜರಿದ್ದವರು: ನಾನು ಮತ್ತು ನಿಮ್ಮ ತಾಯಿ. ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ" ಎಂದು ಬರೆದಿದ್ದಳು.

ಸೈನ್ಯದ ದೃಷ್ಟಿಯಲ್ಲಿ ಜಗತ್ತಿನ ಸಮಸ್ತ ವಸ್ತುಗಳೂ ಎರಡು ವರ್ಗಕ್ಕೆ ಸೇರುತ್ತವೆ: ಹೊಳೆಯುವಂಥವು, ಮತ್ತು ಇನ್ನೂ ಉಜ್ಜಬೇಕಾದಂಥವು. ಗುಂಡಿ, ಬೂಟು, ಬೆಲ್ಟಿನ ಕೊಂಡಿ, ನೀರಿನ ಕುಪ್ಪಿ, ಕೊನೆಗೆ ಬೀಗದ ಕೈಯ ಹಲ್ಲುಗಳವರೆಗೆ ಎಲ್ಲವೂ ಬೆಳಗಬೇಕು. ನಿವೃತ್ತನಾಗಿ ಬಂದ ಮೊದಲ ತಿಂಗಳಲ್ಲಿ ನಾನು ಮನೆಯ ಸೇರು, ಪಾವು, ದನದ ಕೊರಳ ಗಂಟೆ, ಬಾವಿಯ ರಾಟೆ ಎಲ್ಲವನ್ನೂ ಸರದಿಯ ಪ್ರಕಾರ ಉಜ್ಜಿದೆ. ಎಲ್ಲರೂ ಮೆಚ್ಚಿದರು, ಅಥವಾ ಸುಮ್ಮನಿದ್ದರು. ನಾನು ಎರಡಕ್ಕೂ ವ್ಯತ್ಯಾಸ ಕಾಣದವನು. ಆಮೇಲೆ ನನ್ನ ಕಣ್ಣು ದೋಸೆಯ ಕಾವಲಿಯ ಮೇಲೆ ಬಿತ್ತು. ನನ್ನ ಅಜ್ಜಿಯ ಕಾಲದಿಂದ ಎಣ್ಣೆ ಕುಡಿದು, ಬೆಂಕಿ ಉಂಡು, ಕಾಡಿಗೆಯಂತೆ ಕಪ್ಪಗಾಗಿದ್ದ ಆ ಕಾವಲಿಯನ್ನು ಇಟ್ಟಿಗೆಪುಡಿ ಹಾಕಿ ಒಂದು ಮಧ್ಯಾಹ್ನವಿಡೀ ತಿಕ್ಕಿ, ಹುಣ್ಣಿಮೆಯ ಚಂದ್ರನಂತೆ ಮಾಡಿ ಗೋಡೆಗೆ ಒರಗಿಸಿದೆ. ಮರುದಿನದಿಂದ ಒಂದು ತಿಂಗಳು ನಮ್ಮ ಮನೆಯಲ್ಲಿ ದೋಸೆ ಎಂಬ ಪದಾರ್ಥ ಏಳಲೇ ಇಲ್ಲ. ಅದನ್ನು ಕೆರೆದು ತೆಗೆದು ಉಪ್ಪಿಟ್ಟೆಂದು ನಾಮಕರಣ ಮಾಡಿ ತಿನ್ನಬೇಕಾಯಿತು. ಅಂದಿನಿಂದ ಗಂಗಮ್ಮ ಕಾವಲಿಯನ್ನು ಅಕ್ಕಿಮುಡಿಯ ಹಿಂದೆ ಅಡಗಿಸಿಡುತ್ತಿದ್ದಳು. ಈ ಪ್ರಸಂಗದಿಂದ ನಾನು ಕಾವಲಿಯನ್ನು ಉಜ್ಜಬಾರದೆಂದು ಕಲಿತೆ. ಕಾವಲಿಯಲ್ಲದ ಬೇರೆ ವಸ್ತುಗಳಿಗೂ ಅದೇ ಪಾಠ ಅನ್ವಯಿಸಬಹುದೆಂಬ ಯೋಚನೆ ನನಗೆ ಬರಲಿಲ್ಲ.

ಇನ್ನು ಕತ್ತಿಯ ವಿಷಯ. ಅದು ನಮ್ಮದಲ್ಲ, ತೋಡಿನ ಆಚೆ ದಡದ ಪೂವಕ್ಕನದು. ಪೂವಕ್ಕ ನನಗಿಂತ ಹದಿನೈದು ವರ್ಷಕ್ಕೆ ಹಿರಿಯಳು, ನನ್ನ ತಾಯಿಯ ಕಡೆಯಿಂದ ದೂರದ ಅಕ್ಕನಾಗಬೇಕು, ಗಂಡ ತೀರಿಕೊಂಡ ಮೇಲೆ ಆ ದೊಡ್ಡ ಸಂಸಾರವನ್ನು ಒಂದು ಕಣ್ಣಿನ ಸನ್ನೆಯಲ್ಲಿ ನಡೆಸಿಕೊಂಡು ಬಂದವಳು. ಈಗ ಎರಡು ಕಣ್ಣಿಗೂ ಪೊರೆ ಬಂದು ಆ ಸನ್ನೆಯೂ ಮಾತಿಗೆ ಇಳಿದಿತ್ತು. ಅವಳ ಮಾವ ಕಲ್ಲುಗುಂಡಿಯ ಕುಲುಮೆಯಲ್ಲಿ ಹೇಳಿ ಮಾಡಿಸಿದ ಕತ್ತಿ ಅದು. ಮೊಳಕ್ಕೆ ಸ್ವಲ್ಪ ಕಡಿಮೆ ಉದ್ದ, ತುದಿಯಲ್ಲಿ ತುಸು ಬಾಗು, ಬೀಟೆಮರದ ಹಿಡಿ. ವಿಶೇಷವಿದ್ದದ್ದು ಅದರ ಮೈಯಲ್ಲಿ. ನಿಂತ ನೀರಿಗೆ ಗಾಳಿ ಬೀಸಿದಾಗ ಏಳುವಂಥ ನವುರಾದ ಗೆರೆಗಳು ಬೆನ್ನಿನಿಂದ ಬಾಯಿಯವರೆಗೆ ಸಾಲುಸಾಲಾಗಿ ಹರಿದು, ಹಿಡಿಯ ಸಮೀಪ ಒಂದು ಕಡೆ ಸುಳಿಯಂತೆ ಸುತ್ತಿಕೊಂಡಿದ್ದವು. ಕಬ್ಬಿಣವನ್ನೂ ಉಕ್ಕನ್ನೂ ಪದರಪದರವಾಗಿ ಬೆಸೆದು ಬಡಿದಾಗ ಮಾತ್ರ ಬರುವ ಗೆರೆಗಳವು. ಅಷ್ಟು ವರ್ಷ ಕಳೆದರೂ ಅದರ ಬಾಯಿ ಮೊಂಡಾಗಿರಲಿಲ್ಲ. ಮದುವೆಯ ಚಪ್ಪರಕ್ಕೆ ಬಾಳೆಯ ಗಿಡ ಕಡಿಯುವಾಗ ಕತ್ತಿ ದಾಟಿ ಹೋದದ್ದು ಗಿಡಕ್ಕೆ ತಡವಾಗಿ ತಿಳಿಯುತ್ತಿತ್ತು. ಒಂದು ಉಸಿರಿನಷ್ಟು ಹೊತ್ತು ನಿಂತಿದ್ದು ಆಮೇಲೆ ಒರಗುತ್ತಿತ್ತು.

ನಮ್ಮ ಕಡೆ ಮದುಮಗನ ಕೈಯಲ್ಲಿ ಕತ್ತಿ ಇರಬೇಕು. ನಮ್ಮಲ್ಲಿ ಅಂಥ ಕತ್ತಿ ಇಲ್ಲದ ಕಾರಣ ನನ್ನ ದೊಡ್ಡ ಮಗನ ಮದುವೆಗೆ ಪೂವಕ್ಕನ ಮನೆಯಿಂದ ತಂದಿದ್ದೆವು. ಹಾಗೆ ತರುವುದಕ್ಕೂ ಕೊಡುವುದಕ್ಕೂ ಎರಡು ಮನೆಗಳ ನಡುವೆ ಒಂದು ಕ್ರಮವಿತ್ತು. ಕತ್ತಿಯನ್ನು ಕೈಯಿಂದ ಕೈಗೆ ದಾಟಿಸಕೂಡದು. ತಂದವನು ವೀಳ್ಯದೆಲೆ ಅಡಿಕೆಯ ಜೊತೆ ಮಣೆಯ ಮೇಲೆ ಇಡಬೇಕು. ಮನೆಯ ಹಿರಿಯರು ಎತ್ತಿಕೊಂಡು, ನೋಡಿ, "ಬಂತು" ಎನ್ನಬೇಕು. ಆ ಒಂದು ಮಾತು ಬರುವ ತನಕ ಕತ್ತಿ ಯಾರ ಮನೆಯಲ್ಲಿದ್ದರೂ ಅದು ತಂದವನ ಹೊಣೆ. ಉಗ್ರಾಣದಲ್ಲಿ ಮೂರು ಪ್ರತಿಗಳಲ್ಲಿ ರಸೀದಿ ಬರೆದವನಿಗೆ, ಒಂದೇ ಮಾತಿನಲ್ಲಿ ಮುಗಿಯುವ ಈ ವ್ಯವಸ್ಥೆ ಬಲು ಇಷ್ಟವಾಗಿತ್ತು.

ಮಗನ ಮದುವೆ ಮುಗಿದು ಎಂಟು ದಿನವಾಗಿತ್ತು. ಪೂವಕ್ಕನ ಮೊಮ್ಮಗನ ಮದುವೆ ಮರುದಿನ, ಬುಧವಾರ. ಹೆಣ್ಣಿನ ಮನೆ ಕಡಬದಲ್ಲಿ. ಬೆಳಗಿನ ಜಾವ ಐದಕ್ಕೆ ದಿಬ್ಬಣ ಹೊರಡುವುದೆಂದು ನಿಶ್ಚಯವಾಗಿತ್ತು. ಆದ್ದರಿಂದ ಕತ್ತಿಯನ್ನು ಮಂಗಳವಾರ ಬೆಳಿಗ್ಗೆಯೇ ಒಪ್ಪಿಸಬೇಕು. ಎರವಲು ತಂದದ್ದನ್ನು ತಂದಾಗಿನದಕ್ಕಿಂತ ಉತ್ತಮ ಸ್ಥಿತಿಯಲ್ಲಿ ಹಿಂದಿರುಗಿಸುವುದು ಸಭ್ಯತೆ ಎಂಬುದು ನನ್ನ ನಂಬಿಕೆ. ಸೋಮವಾರವಿಡೀ ನಾನು ಸಭ್ಯತೆಯಲ್ಲಿ ನಿರತನಾಗಿದ್ದೆ. ಬೆಳ್ಳಾರೆಯ ಅಂಗಡಿಯಿಂದ ತಂದ ಮರಳುಕಾಗದದಲ್ಲಿ ಮೊದಲು ಒರಟಿನದು, ಆಮೇಲೆ ನಯದ್ದು, ಆಮೇಲೆ ಜರಡಿ ಹಿಡಿದ ಬೂದಿ, ಕೊನೆಗೆ ಎಣ್ಣೆಬಟ್ಟೆ. ಅಡಿಗೆಮನೆಯ ಹೊಗೆಗೆ ಕಪ್ಪಾಗಿದ್ದ ಹಿಡಿಯನ್ನೂ ಬಿಡಲಿಲ್ಲ. ಕೆರೆದು ವಾರ್ನಿಷ್ ಬಳಿದೆ. ಗಂಗಮ್ಮ ಎರಡು ಸಲ ಬಂದು ನೋಡಿದಳು. ಮೂರನೆಯ ಸಲ, "ಅದು ಕತ್ತಿ, ನಿಮ್ಮ ಬೂಟು ಅಲ್ಲ" ಎಂದು ಹೇಳಿ ಒಳಗೆ ಹೋದಳು. ಗೆರೆಗಳು ಮಾಸುತ್ತಿರುವುದನ್ನು ನಾನೂ ಕಂಡಿದ್ದೆ. ಅವನ್ನು ಹಳೆಯ ತುಕ್ಕಿನ ಕಲೆಯೆಂದು ಭಾವಿಸಿ, ಕೊನೆಯದೂ ಹೋದಾಗ ಬೆನ್ನು ನೆಟ್ಟಗೆ ಮಾಡಿಕೊಂಡು ಒಂದು ಲೋಟ ಮಜ್ಜಿಗೆ ಕುಡಿದೆ.

ಮಂಗಳವಾರ ಎಂಟು ಗಂಟೆಗೆ ಸರಿಯಾಗಿ ಪೂವಕ್ಕನ ಮನೆಯ ಜಗಲಿಯಲ್ಲಿದ್ದೆ. ಅಂಗಳದಲ್ಲಿ ಚಪ್ಪರಕ್ಕೆ ಸೋಗೆ ಹೊದೆಸುತ್ತಿದ್ದರು, ಒಂದು ಮೂಲೆಯಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು. ಬಟ್ಟೆ ಬಿಡಿಸಿ, ಕ್ರಮದ ಪ್ರಕಾರ ವೀಳ್ಯದೆಲೆ ಅಡಿಕೆಯೊಂದಿಗೆ ಕತ್ತಿಯನ್ನು ಮಣೆಯ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದೆ. ಬಿಸಿಲು ಬಿದ್ದು ಅದರ ಬೆಳಕು ಸೂರಿನಲ್ಲಿ ಕುಣಿಯಿತು. ಸೋಗೆ ಹೊದೆಸುವವರು ತಿರುಗಿ ನೋಡಿದರು. ನಾನು ಪ್ರಶಂಸೆಗೆ ಸಿದ್ಧನಾಗಿ ನಿಂತೆ.

ಪೂವಕ್ಕ ಕತ್ತಿಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು. ಹಿಡಿಯನ್ನು ಸವರಿದಳು, ಬೆರಳಿಗೆ ಅಂಟಿದ ವಾರ್ನಿಷಿನ ವಾಸನೆ ನೋಡಿದಳು. ಆಮೇಲೆ ಕತ್ತಿಯ ಮೈಮೇಲೆ ಹೆಬ್ಬೆರಳ ಉಗುರನ್ನು ಅಡ್ಡಲಾಗಿ, ಬಹಳ ನಿಧಾನವಾಗಿ ಎಳೆದಳು. ಉಗುರು ಎಲ್ಲೂ ತಡೆಯದೆ ಜಾರಿಹೋಯಿತು. ಮತ್ತೊಮ್ಮೆ ಎಳೆದಳು. ಕಣ್ಣು ಮಂದವಾದ ಮೇಲೆ ಆ ಗೆರೆಗಳನ್ನು ಅವಳು ಉಗುರಿನಲ್ಲಿ ಓದುತ್ತಿದ್ದಳೆಂದು ನನಗೇನು ಗೊತ್ತು? ಸೊಸೆಯನ್ನು ಕರೆದು ತೋರಿಸಿದಳು. ಅವಳು ಮುಖ ಹತ್ತಿರ ತಂದು ನೋಡಿ, ಪುತ್ತೂರಿನ ಪೇಟೆಯಲ್ಲಿ ಇಂಥದ್ದನ್ನು ಕಂಡಿದ್ದೇನೆಂದು ತಗ್ಗಿದ ದನಿಯಲ್ಲಿ ಹೇಳಿದಳು.

ಅವರ ಮನೆಯ ಮಾತು ಅರೆಭಾಷೆ, ನಮ್ಮ ಕಡೆಯ ಗೌಡರ ಆಡುನುಡಿ. ಅಚ್ಚಿಗೆಂದು ಇಲ್ಲಿ ಸ್ವಲ್ಪ ನೇರ್ಪುಮಾಡಿದ್ದೇನೆ.

"ಒಳ್ಳೆ ಕತ್ತಿ ಮೋನಪ್ಪ," ಎಂದಳು ಪೂವಕ್ಕ. "ನಿಂದು ನೀನೇ ಇಟ್ಕೊ. ನಮ್ಮದು ಸಿಕ್ಕಿದ ಮೇಲೆ ತಾ."

ನಾನು ವಿವರಿಸಿದೆ. ಮರಳುಕಾಗದದ ಎರಡು ತರಗತಿಗಳಿಂದ ಹಿಡಿದು ಎಣ್ಣೆಬಟ್ಟೆಯವರೆಗೆ ಎಲ್ಲವನ್ನೂ ಕ್ರಮಾನುಸಾರ ಹೇಳಿದೆ. ಹೇಳುತ್ತಾ ಹೋದಂತೆ ನನ್ನ ಸತ್ಯ ನನಗೇ ಸುಳ್ಳಿನಂತೆ ಕೇಳಿಸತೊಡಗಿತು. ಅಷ್ಟೊಂದು ವಿವರವಿರುವ ಸತ್ಯವನ್ನು ಉಗ್ರಾಣದಲ್ಲಿ ನಾನೇ ಅನೇಕ ಸಲ ನಂಬಿರಲಿಲ್ಲ. ಚಪ್ಪರದ ಮೇಲಿದ್ದವನೊಬ್ಬ, ಮಿಲಿಟರಿಯವರು ಒರೆಸಿದರೆ ಮನುಷ್ಯನ ಹೆಸರೂ ಹೋಗಬಹುದು ಎಂದ. ಕೆಳಗಿದ್ದವರು ನಕ್ಕರು. ಪೂವಕ್ಕ ನಗಲಿಲ್ಲ.

"ನೀನು ಸುಳ್ಳು ಹೇಳ್ತಿ ಅಂತ ನಾನು ಹೇಳುದಿಲ್ಲ," ಎಂದಳು. "ನನ್ನ ಮಾವ, ನನ್ನ ಗಂಡ, ನನ್ನ ಮಗ, ಮೂರು ಜನ ಹಿಡಿದ ಕತ್ತಿ. ಗುರ್ತ ಇಲ್ಲದ್ದನ್ನು ಮೊಮ್ಮಗನ ಕೈಗೆ ಹೇಗೆ ಕೊಡುದು? ಅದು ಹುಟ್ಟಿದ ಕುಲುಮೆಗೆ ತೆಕ್ಕೊಂಡು ಹೋಗು. ದೀಪ ಇಡುವ ಮೊದಲು ಬಾ. ಇಲ್ಲದಿದ್ರೆ ಅವ ಬರಿಗೈಲಿ ಹೋಗ್ತಾನೆ, ಎಂತ ಮಾಡುದು."

ಮೂರು ತಲೆಮಾರಿನಲ್ಲಿ ಮೊದಲ ಬಾರಿ ಆ ಮನೆಯ ಮದುಮಗ ಬರಿಗೈಯಲ್ಲಿ ಹೊರಡುವುದು. ಅದಕ್ಕೆ ಕಾರಣ ನಾನು. ಅವಳು "ಬಂತು" ಎಂದಿರಲಿಲ್ಲ. ಕತ್ತಿಯನ್ನು ಮತ್ತೆ ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು, ಎಂಟು ಗಂಟೆ ಮೂವತ್ತೈದು ನಿಮಿಷಕ್ಕೆ ಆ ಅಂಗಳದಿಂದ ಹೊರಟೆ. ಇಪ್ಪತ್ತೊಂದು ವರ್ಷದ ಸೇವೆಯಲ್ಲಿ ಒಂದು ಗುಂಡಿಯ ಲೆಕ್ಕವೂ ತಪ್ಪದ ಮನುಷ್ಯ ಮಾಲು ಬದಲಾಯಿಸಿದನೆಂಬ ಸಂಶಯವನ್ನು ಬೆನ್ನಿಗೆ ಕಟ್ಟಿಕೊಂಡು ನಡೆಯುವಾಗ, ಇಳಿಜಾರೂ ಏರಿನಂತೆಯೇ ಇರುತ್ತದೆ.

ಗುಡ್ಡದ ಒಳದಾರಿಯಲ್ಲಿ ಅರಂತೋಡಿಗೆ ನಡೆದು ಮಡಿಕೇರಿ ರಸ್ತೆಯ ಬಸ್ಸು ಹಿಡಿದೆ. ಬಸ್ಸಿನಲ್ಲಿ ಕೂತು, ಕತ್ತಿಯನ್ನು ಮಡಿಲಲ್ಲಿಟ್ಟುಕೊಂಡು, ಬಟ್ಟೆಯ ಅಂಚು ಸರಿಸಿ ನೋಡಿದೆ. ಅದರಲ್ಲಿ ನನ್ನ ಮುಖ ಬಿಟ್ಟರೆ ಬೇರೇನೂ ಕಾಣಲಿಲ್ಲ. ಆ ಕ್ಷಣದಲ್ಲಿ, ಯಾವ ಪೂರ್ವಸೂಚನೆಯೂ ಇಲ್ಲದೆ, ನಮ್ಮ ದಳದ ಮುದಿ ಕ್ಯಾಪ್ಟನ್ನರು ನೆನಪಾದರು.

ಅವರಿಗೆ ಹಳೆಯ ಆಯುಧಗಳ ಹುಚ್ಚು. ಅವರ ಸಂಗ್ರಹದಲ್ಲಿದ್ದ ಒಂದು ಬಾಕುವನ್ನು ನನ್ನ ಉಗ್ರಾಣದಲ್ಲಿ ಜೋಪಾನ ಮಾಡಿಸಿದ್ದರು. ರೇಷ್ಮೆಯ ಮೇಲಿನ ನೀರಲೆಯಂಥ ಗೆರೆಗಳಿದ್ದ ಆ ಉಕ್ಕಿಗೆ ಡಮಾಸ್ಕಸ್ ಉಕ್ಕೆಂದು ಹೆಸರಂತೆ. ಒಂದು ಸಂಜೆ ಅವರು ನಮ್ಮನ್ನೆಲ್ಲ ಕೂರಿಸಿಕೊಂಡು ಅದರ ಕಥೆ ಹೇಳಿದ್ದರು: ಡಮಾಸ್ಕಸ್ ಎಂಬುದು ಪಶ್ಚಿಮದ ಒಂದು ದೊಡ್ಡ ಪೇಟೆ, ಹಿಂದಿನ ಕಾಲದಲ್ಲಿ ನಮ್ಮ ದಕ್ಷಿಣದ ಮೂಸೆಗಳಲ್ಲಿ ಕರಗಿಸಿದ ಉಕ್ಕಿನ ಗಟ್ಟಿಗಳು ಹಡಗು ಹತ್ತಿ ಆ ಕಡೆಗೆ ಹೋಗಿ, ಅಲ್ಲಿ ಖಡ್ಗವಾಗಿ, ಆ ಊರಿನ ಹೆಸರಿನಲ್ಲಿ ಲೋಕಪ್ರಸಿದ್ಧವಾದವು, ಹಾಗೆ ಕರಗಿಸಿದ ಉಕ್ಕಿನದೊಂದು ಕುಲ, ಪದರ ಬೆಸೆದು ಬಡಿದದ್ದು ಇನ್ನೊಂದು ಕುಲ, ಆದರೆ ಎರಡರ ಸೌಂದರ್ಯವೂ ಒಳಗಿನಿಂದಲೇ ಬರತಕ್ಕದ್ದು. ನನಗೆ ಇದರಲ್ಲಿ ಆಶ್ಚರ್ಯವೇನೂ ಆಗಿರಲಿಲ್ಲ. ನಮ್ಮ ಮರ್ಕಂಜದ ಅಡಿಕೆಯೂ ಮಂಗಳೂರಿಗೆ ಹೋದ ಕೂಡಲೇ ಮಂಗಳೂರಡಿಕೆಯಾಗುವುದನ್ನು ಕಂಡವನಲ್ಲವೇ ನಾನು? ಮಾರಿದ ಊರಿನ ಹೆಸರು ಉಳಿಯುತ್ತದೆ, ಮಾಡಿದವನ ಹೆಸರು ಗೋಣಿಯೊಳಗೇ ಇರುತ್ತದೆ.

ಆದರೆ ಬಸ್ಸಿನಲ್ಲಿ ನನ್ನನ್ನು ಬೆವರಿಸಿದ್ದು ಬೇರೆಯೇ ಸಂಗತಿ. ಆ ಬಾಕುವಿನ ಪೆಟ್ಟಿಗೆಯ ಮೇಲೆ ಕ್ಯಾಪ್ಟನ್ನರ ಆದೇಶದಂತೆ ಒಂದು ಚೀಟಿ ಅಂಟಿಸಲಾಗಿತ್ತು: "ಉಜ್ಜಬಾರದು." ಚೀಟಿ ನನ್ನ ಕೈಬರಹದ್ದು. ಆರು ವರ್ಷ ನಾನು ಆ ಆದೇಶವನ್ನು ಚಾಚೂ ತಪ್ಪದೆ ಪಾಲಿಸಿದ್ದೆ, ಒಮ್ಮೆಯೂ ಏಕೆಂದು ಕೇಳದೆ. ಕಾರಣ ಗೊತ್ತಿಲ್ಲದ ಶಿಸ್ತು ಆ ಪೆಟ್ಟಿಗೆಯಷ್ಟೇ ಉದ್ದ ಆ ಪೆಟ್ಟಿಗೆಯಷ್ಟೇ ಅಗಲ. ಅದರಾಚೆಗೆ ಒಂದು ಅಂಗುಲವೂ ಬೆಳೆಯುವುದಿಲ್ಲ. ಕಂಡಕ್ಟರು ಎರಡು ಸಲ ಕೂಗಿದ ಮೇಲೆ ಕಲ್ಲುಗುಂಡಿ ಬಂದದ್ದು ನನಗೆ ತಿಳಿಯಿತು.

ಕುಲುಮೆ ರಸ್ತೆಯಿಂದ ತುಸು ಕೆಳಗೆ, ಹೊಳೆಯ ಸದ್ದು ಕೇಳುವಷ್ಟು ದೂರದಲ್ಲಿತ್ತು. ಕತ್ತಿಯನ್ನು ಮಾಡಿದವರು ಈಗಿಲ್ಲ; ಅವರ ಮಗ ಕೃಷ್ಣಾಚಾರ್ರು ಅಡೆಗಲ್ಲಿನ ಮುಂದೆ ಕೂತಿದ್ದರು, ಅವರ ಹೆಂಡತಿ ತಿದಿ ಒತ್ತುತ್ತಿದ್ದರು. ನನ್ನ ವೃತ್ತಾಂತವನ್ನು ಆಚಾರ್ರು ಕೊನೆಯವರೆಗೆ ಕೇಳಿದರು. ಕತ್ತಿಯನ್ನು ಬಟ್ಟೆಯಿಂದ ತೆಗೆದಾಗ ಮಾತ್ರ, ಯಾರೋ ತೀರಿಕೊಂಡಿದ್ದಾರೆಂಬಂತೆ ತಲೆಯ ಮುಂಡಾಸು ಬಿಚ್ಚಿ ಪಕ್ಕಕ್ಕಿಟ್ಟರು.

"ಇಷ್ಟು ಚಂದ ಮಾಡಿದ್ದೀರಿ ಗೌಡ್ರೆ," ಎಂದರು, "ಇನ್ನು ಇದಕ್ಕೆ ಒಂದು ಕನ್ನಡಿಯ ಚೌಕಟ್ಟು ಹಾಕಿದ್ರೆ ಆಯ್ತು."

ತಿದಿಯ ಸದ್ದು ಒಂದು ಕ್ಷಣ ತಪ್ಪಿತು. ಅವರ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದರು. ಆಚಾರ್ರು ಕತ್ತಿಯನ್ನು ಬೆಳಕಿಗೆ ಹಿಡಿದರು, ಓರೆ ಮಾಡಿದರು, ಬೆರಳಿನಿಂದ ಮೀಟಿ ಅದರ ದನಿ ಕೇಳಿದರು. ಆಮೇಲೆ ಹಿಡಿಯ ಬುಡದ ಹಿತ್ತಾಳೆ ಕಟ್ಟಿನ ಸಂದಿಗೆ ಕಣ್ಣು ತಾಗುವಂತೆ ಬಗ್ಗಿ, ನನ್ನನ್ನು ಹತ್ತಿರ ಕರೆದರು. ಮರಳುಕಾಗದ ತಲುಪದ ಆ ಸಂದಿಯಲ್ಲಿ ಎಳ್ಳುಕಾಳಿನಷ್ಟು ಜಾಗ ಕಪ್ಪಾಗಿ ಉಳಿದಿತ್ತು, ಅದರಲ್ಲಿ ಕೂದಲೆಳೆಯಂಥ ಎರಡು ಗೆರೆ.

"ನಿಮ್ಮ ಕೆಲಸ ಇಷ್ಟು ಜಾಗದಲ್ಲಿ ಬಾಕಿ ಆದದ್ದು ನಮ್ಮ ಪುಣ್ಯ. ಇದು ಅಪ್ಪನ ಕೈಯದ್ದೇ." ಕತ್ತಿಯನ್ನು ಅಡೆಗಲ್ಲಿನ ಮೇಲಿಟ್ಟು ಹೇಳಿದರು: "ಗೆರೆ ಎಲ್ಲಿಗೂ ಹೋಗ್ಲಿಲ್ಲ ಗೌಡ್ರೆ. ಮೇಲಿಂದ ಬರೆದದ್ದಾದ್ರೆ ಅಲ್ವಾ ಹೋಗುದು? ಒಳಗೆ ಪೂರಾ ಅದೇ ಉಂಟು. ಹುಳಿ ಕುಡಿಸಿದ್ರೆ ಎದ್ದು ಬರ್ತದೆ. ಆದರೆ ನೀವು ಮೇಲಿನದ್ದು ಒಂದಿಷ್ಟು ತಿಂದಿದ್ದೀರಿ. ಸುಳಿ ಮೊದಲಿನ ಹಾಗೆಯೇ ಬರ್ತದೋ ಇಲ್ವೋ, ನಾನು ಹೇಳ್ಳಿಕ್ಕಿಲ್ಲ."

ಹೀಗೆ ಆಶೆಯನ್ನೂ ಅಂಜಿಕೆಯನ್ನೂ ಒಂದೇ ಉಸಿರಿನಲ್ಲಿ ಕೊಟ್ಟು ಅವರು ಕೆಲಸಕ್ಕೆ ಇಳಿದರು. ಅವರ ಹೆಂಡತಿ ತಿದಿ ಬಿಟ್ಟು ಒಳಗೆ ಹೋಗಿ, ಮಳೆಗಾಲದ ಸಾರಿಗೆಂದು ಒಣಗಿಸಿಟ್ಟಿದ್ದ ಪುನರ್ಪುಳಿಯ ಸಿಪ್ಪೆಯನ್ನು ಎರಡು ಬೊಗಸೆ ತಂದು ಮಣ್ಣಿನ ಮಡಕೆಯಲ್ಲಿ ಕುದಿಯಲಿಟ್ಟರು. ಹಿತ್ತಲಿನ ಹುಳಿ ಬಿಂಬುಳಿ ಕಾಯಿಗಳನ್ನೂ ಜಜ್ಜಿ ಹಾಕಿದರು. ಅದು ಕೆಂಪಗೆ ಕುದಿಯುವವರೆಗೆ ಆಚಾರ್ರು ಕತ್ತಿಗೆ ಮೆತ್ತಿದ್ದ ನನ್ನ ಎಣ್ಣೆಯನ್ನು ಸೀಗೆಪುಡಿಯಲ್ಲಿ ತೊಳೆದರು. ಎಣ್ಣೆಯ ಪಸೆ ಇದ್ದರೆ ಹುಳಿ ಹಿಡಿಯುವುದಿಲ್ಲವಂತೆ.

ನಾನು ಪಕ್ಕದ ಕಲ್ಲಿನ ಮೇಲೆ ಕೂತು, ಅಂಥ ಕತ್ತಿ ಹುಟ್ಟುವ ಬಗೆಯನ್ನು ಕೇಳಿದೆ. ಕಾರಣ ಕೇಳುವ ಅಭ್ಯಾಸವನ್ನು ಅಂದು ಹೊಸದಾಗಿ ಆರಂಭಿಸಿದ್ದೆನಲ್ಲ. ಅವರು ಕೈ ನಿಲ್ಲಿಸದೆ ಹೇಳಿದರು. ಗಾಡಿಚಕ್ರದ ಹಳೆಯ ಪಟ್ಟಿಯ ಮೆತ್ತನೆ ಕಬ್ಬಿಣ, ಮುರಿದ ಗರಗಸದ ಗಟ್ಟಿ ಉಕ್ಕು, ಇವನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿ ಕಾಯಿಸಬೇಕು. ಕೆಂಪು ದಾಟಿ, ಹಳದಿ ದಾಟಿ, ಬೆಂಕಿಯಲ್ಲಿ ಅದು ಒದ್ದೆಯಾದಂತೆ ಮಿನುಗುವ ಗಳಿಗೆಗೆ ಬಿಳಿಗಾರದ ಪುಡಿ ಉದುರಿಸಿ ಚಮ್ಮಟಿಗೆಯ ಪೆಟ್ಟು ಬೀಳಬೇಕು. ಒಂದು ಗಳಿಗೆ ಮೊದಲಾದರೆ ಬೆಸೆಯುವುದಿಲ್ಲ, ಒಂದು ಗಳಿಗೆ ತಡವಾದರೆ ಉಕ್ಕು ಉರಿದು ಕಿಡಿಯಾಗಿ ಹೋಗುತ್ತದೆ. ಬೆಸೆದದ್ದನ್ನು ಉದ್ದ ಎಳೆದು, ಮಡಿಸಿ, ಮತ್ತೆ ಬೆಸೆಯಬೇಕು. ಮಡಿಸಿದಷ್ಟೂ ಪದರ ಇಮ್ಮಡಿಸುತ್ತದೆ. ಗಟ್ಟಿ ಉಕ್ಕೊಂದೇ ಆದರೆ ಬಾಯಿ ಹರಿತವಾಗಿರುತ್ತದೆ, ಆದರೆ ಕಲ್ಲಿಗೆ ತಾಗಿದರೆ ಮುರಿಯುತ್ತದೆ; ಮೆತ್ತನೆಯದೊಂದೇ ಆದರೆ ಮುರಿಯುವುದಿಲ್ಲ, ಕೊಯ್ಯುವುದೂ ಇಲ್ಲ. ಎರಡೂ ಕೂಡಿ ಬಾಳಬೇಕು. ಕೊನೆಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿ ಗಟ್ಟಿ ಮಾಡಿದ ಮೇಲೆ, ಇನ್ನೊಮ್ಮೆ ಹದವಾದ ಶಾಖ ಕೊಟ್ಟು, ಬಾಯಿಯ ಅಂಚು ಕದಳಿ ಬಾಳೆಹಣ್ಣಿನ ಸಿಪ್ಪೆಯ ಬಣ್ಣಕ್ಕೆ ಬಂದಾಗ ನಿಲ್ಲಿಸಬೇಕು. ಆ ಬಣ್ಣ ಗುರುತಿಸಲು ಅಪ್ಪ ಕುಲುಮೆಯ ಬಾಗಿಲನ್ನು ಅರ್ಧ ಮುಚ್ಚಿ ಮಬ್ಬು ಮಾಡಿಕೊಳ್ಳುತ್ತಿದ್ದರಂತೆ.

ನಾನು ಮಧ್ಯದಲ್ಲಿ ಎಷ್ಟು ನಿಮಿಷ, ಎಷ್ಟು ಸಲ ಎಂದು ಕೇಳಿದೆ. ಪ್ರತಿ ಸಲವೂ ಆಚಾರ್ರು, "ಆಗುವಷ್ಟು" ಎಂದರು. ಗಡಿಯಾರವನ್ನು ಒಮ್ಮೆಯೂ ನೋಡದ ಆ ಮನುಷ್ಯನಲ್ಲಿ ನನ್ನ ಉಗ್ರಾಣದಲ್ಲಿ ಕಂಡದ್ದಕ್ಕಿಂತ ಕಠಿಣವಾದ ಒಂದು ಶಿಸ್ತು ಇತ್ತು. ಅದು ಬೆಂಕಿಯ ಬಣ್ಣಕ್ಕೆ ಹೊಂದಿಕೊಂಡದ್ದು, ಅಷ್ಟೇ.

ಮೊದಲ ಸಲ ಹುಳಿಯಲ್ಲಿ ಮುಳುಗಿಸಿ ತೆಗೆದಾಗ ಕತ್ತಿ ಬರಿದೇ ಮಂಕಾಗಿತ್ತು. ನನ್ನ ಮುಖ ಅದರಿಂದ ಅಳಿಸಿಹೋಯಿತು. ಆದರೆ ಆ ಜಾಗಕ್ಕೆ ಬೇರೇನೂ ಬರಲಿಲ್ಲ. ಆಚಾರ್ರು ತೊಳೆದು, ಒರೆಸಿ, ಮತ್ತೆ ಮುಳುಗಿಸಿದರು. ಮೂರನೆಯ ಸಲ ತೆಗೆದಾಗ ತುದಿಯ ಬಳಿ ಏನೋ ಅಲುಗಾಡಿದಂತಾಯಿತು. ಐದನೆಯ ಸಲಕ್ಕೆ, ಬೆಳಗಿನ ಮಂಜು ಸರಿದಂತೆ ಗದ್ದೆಯ ಅಂಚಿನ ಹುಣಿಗಳು ಒಂದೊಂದಾಗಿ ತೋರುವ ಹಾಗೆ, ಗೆರೆಗಳು ಬಂದವು. ಗಟ್ಟಿ ಉಕ್ಕು ಹುಳಿಗೆ ಕಪ್ಪಾಗಿ, ಮೆತ್ತನೆ ಕಬ್ಬಿಣ ಬೂದಿಬಣ್ಣಕ್ಕೆ ನಿಂತು, ಅಲೆಯ ಹಿಂದೆ ಅಲೆ ಎದ್ದಿತು. ಸತ್ತುಹೋದ ಒಬ್ಬ ಮನುಷ್ಯ ಬೆಸೆದ ಪ್ರತಿಯೊಂದು ಬೆಸುಗೆಯೂ ಇದ್ದಲ್ಲೇ ಇತ್ತು. ನಾನು ಒಂದು ದಿನವಿಡೀ ಶ್ರಮಪಟ್ಟು ಅದನ್ನು ಮುಚ್ಚಿ, ಅದರ ಮೇಲೆ ನನ್ನ ಮೀಸೆಯನ್ನು ಪ್ರತಿಷ್ಠಾಪಿಸಿದ್ದೆ.

ಸುಳಿಯೂ ಬಂತು. ಆದರೆ ಆಚಾರ್ರು ಹೆದರಿದಂತೆಯೇ, ಅದು ನನ್ನ ನೆನಪಿಗಿಂತ ಸಣ್ಣದಾಗಿತ್ತು, ಹಿಡಿಯ ಕಡೆಗೆ ಒಂದು ಕೂದಲಿನಷ್ಟು ಸರಿದಿತ್ತು. ಅವರು ಕಲ್ಲಿನಲ್ಲಿ ಬಾಯಿ ಸವರಿ, ಹಿಡಿಯ ವಾರ್ನಿಷನ್ನು ಕೆರೆದು ತೆಗೆದು ಕೊಬ್ಬರಿ ಎಣ್ಣೆ ಹಚ್ಚಿದರು. ಕೂಲಿಯೆಂದು ಅವರು ಪಡೆದದ್ದು ಒಂದನ್ನೇ. ನನ್ನ ಹೆಗಲಚೀಲದ ತಳದಲ್ಲಿ ಉಳಿದಿದ್ದ ಮರಳುಕಾಗದವನ್ನು ಕೇಳಿ ತೆಗೆದುಕೊಂಡು, "ಇದು ಇಲ್ಲೇ ಇರ್ಲಿ" ಎಂದು ಅಡೆಗಲ್ಲಿನ ಕೆಳಗೆ ಇಟ್ಟರು.

ಮೂರು ಗಂಟೆಯ ಬಸ್ಸಿನಲ್ಲಿ ಹಿಂದಿರುಗಿ, ಗುಡ್ಡ ಹತ್ತಿ ಇಳಿದು, ಐದೂಮುಕ್ಕಾಲಕ್ಕೆ ಪೂವಕ್ಕನ ಅಂಗಳ ಸೇರಿದೆ. ಚಪ್ಪರ ಮುಗಿದಿತ್ತು. ಬೆಳಿಗ್ಗೆ ನಕ್ಕವರು ಈಗ ಸುಮ್ಮನೆ ದಾರಿ ಬಿಟ್ಟರು. ಬೆಳಗಿನ ನಗೆಗಿಂತ ಅದು ಭಾರವಾಗಿತ್ತು. ವೀಳ್ಯದೆಲೆ ಬಾಡಿದ್ದರಿಂದ ಬೇರೆ ಕೇಳಿ ಪಡೆದು, ಕತ್ತಿಯನ್ನು ಮಣೆಯ ಮೇಲಿಟ್ಟೆ. ಈ ಸಲ ವಿವರಿಸಲಿಲ್ಲ.

ಪೂವಕ್ಕ ಎತ್ತಿಕೊಂಡಳು. ಹೆಬ್ಬೆರಳ ಉಗುರು ತುದಿಯಿಂದ ಹೊರಟಿತು. ಹುಳಿ ತಿಂದ ಮೈಯಲ್ಲಿ ಅದು ಅಲ್ಲಲ್ಲಿ ಸಣ್ಣಗೆ ತಡೆದು, ದಾಟಿ, ಮತ್ತೆ ತಡೆಯುತ್ತಾ ಬರುವುದು ನಾನಿದ್ದಲ್ಲಿಗೇ ಕಾಣಿಸುತ್ತಿತ್ತು. ಹಿಡಿಯ ಸಮೀಪಕ್ಕೆ ಬಂದು ಉಗುರು ನಿಂತಿತು. ಸುಳಿಯ ಸುತ್ತ ಒಂದು ಸುತ್ತು ಹೋಯಿತು, ಹಿಂದೆ ಬಂತು, ಮತ್ತೊಂದು ಸುತ್ತು ಹೋಯಿತು. ಅವಳ ಹುಬ್ಬು ಗಂಟಿಕ್ಕಿತು. ಬಂದೂಕಿನ ಮುಂದೆ ನಿಂತ ಅನುಭವ ನನಗಿಲ್ಲ, ಉಗ್ರಾಣದವನು. ಆದರೆ ಅದು ಹೇಗಿರಬಹುದೆಂದು ಆಗ ತಿಳಿಯಿತು.

"ಸುಳಿ ಸಣ್ಣ ಆಗಿದೆ," ಎಂದಳು.

ಹೌದು, ನನ್ನ ತಪ್ಪು, ಮೇಲಿನ ಪದರ ನನ್ನಿಂದ ಹೋಯಿತು ಎಂದು ಒಪ್ಪಿಕೊಂಡೆ.

ಅವಳು ಇನ್ನೊಮ್ಮೆ ಸವರಿದಳು. "ನಾನು ಈ ಮನೆಗೆ ಬಂದಾಗ ಇದ್ದ ಹಾಗೆ ನಾನೂ ಇಲ್ಲ. ಅದೂ ಸಣ್ಣ ಆಗ್ಲಿ, ಎಂತ ಆಯ್ತು." ಕತ್ತಿಯನ್ನು ಹಣೆಗೆ ಮುಟ್ಟಿಸಿಕೊಂಡಳು. "ಬಂತು."

ಜಗಲಿಯ ಕಂಬ ಹಿಡಿದುಕೊಂಡೆ. ಏಳೆಂಟು ವರ್ಷ ಕಳೆದ ಮೇಲೆ ಇದನ್ನು ಬರೆಯುತ್ತಿರುವಾಗಲೂ, ಆ ಎರಡಕ್ಷರಕ್ಕೆ ಸಮನಾದ ಬಹುಮಾನ ನನಗೆ ಸೈನ್ಯದಲ್ಲಾಗಲಿ ಊರಿನಲ್ಲಾಗಲಿ ದೊರೆತದ್ದು ನೆನಪಾಗುವುದಿಲ್ಲ. ಕಾಣದ ಕಣ್ಣಿನಲ್ಲೂ ನನ್ನನ್ನು ಕಳ್ಳ ಎನ್ನದೆ ಕುಲುಮೆಗೆ ಕಳಿಸಿದ ಪೂವಕ್ಕನಿಗೆ, ತನ್ನ ತಂದೆಯ ಕೆಲಸವನ್ನು ಕೆಡಿಸಿ ತಂದವನ ಮೇಲೆ ಸಿಟ್ಟಾಗದ ಆಚಾರ್ರಿಗೆ, ಮಳೆಗಾಲದ ಹುಳಿಯನ್ನು ಬೊಗಸೆಯಲ್ಲಿ ತಂದು ಸುರಿದ ಆ ತಾಯಿಗೆ ನಾನು ಎದುರಿಗೆ ಏನನ್ನೂ ಹೇಳಲಿಲ್ಲ. ನಮ್ಮ ಕಡೆ ಹಾಗೆ ಹೇಳುವ ವಾಡಿಕೆ ಕಡಿಮೆ. ಬರೆದಾದರೂ ಸಲ್ಲಿಸೋಣವೆಂದು ಇಲ್ಲಿ ಬರೆದಿದ್ದೇನೆ.

ಹೊರಡಲು ಅಣಿಯಾದಾಗ ಪೂವಕ್ಕ ಕರೆದು ಕೂರಿಸಿದಳು. ಸೊಸೆಗೆ ಏನೋ ಹೇಳಿದಳು. ಸೊಸೆಯೂ ಇನ್ನಿಬ್ಬರೂ ಒಳಗಿನಿಂದ ಹೊತ್ತುಕೊಂಡು ಬಂದು ನನ್ನ ಮುಂದೆ ಇಳಿಸಿದ್ದು ಎರಡು ಕಾಲುದೀಪ, ಏಳು ಹರಿವಾಣ, ನಾಲ್ಕು ಗಿಂಡಿ, ಒಂದು ದೊಡ್ಡ ಕೊಪ್ಪರಿಗೆ. ಎಲ್ಲವೂ ಹಿತ್ತಾಳೆ, ಎಲ್ಲವೂ ಅಟ್ಟದಲ್ಲಿ ವರ್ಷಗಟ್ಟಲೆ ಕೂತು ಕಪ್ಪು ಹಿಡಿದವು. ಮರುದಿನ ಬೆಳಿಗ್ಗೆ ದಿಬ್ಬಣದೊಂದಿಗೆ ಹೋಗಬೇಕಾದವೂ ಅದರಲ್ಲಿದ್ದವು, ತೊಳೆಯಲು ಯಾರಿಗೂ ಪುರುಸೊತ್ತಾಗಿರಲಿಲ್ಲ.

"ಇದರಲ್ಲಿ ಗೆರೆ ಗಿರೆ ಎಂತದೂ ಇಲ್ಲ," ಎಂದಳು ಪೂವಕ್ಕ. "ನಿನಗೆ ಎಷ್ಟು ಬೇಕೋ ಅಷ್ಟು ಉಜ್ಜು."

ಅಂಗಳದ ನಗೆ ಈ ಸಲ ನನ್ನನ್ನೂ ಸೇರಿಸಿಕೊಂಡಿತು. ಅಂಗಿಯ ತೋಳು ಮಡಚಿ, ಹುಣಸೆಹುಳಿ, ಬೂದಿ, ತೆಂಗಿನ ನಾರು ತರಿಸಿಕೊಂಡು, ದೊಡ್ಡದರಿಂದ ಚಿಕ್ಕದಕ್ಕೆ ಎಂಬ ಕ್ರಮದಲ್ಲಿ ಆರಂಭಿಸಿದೆ. ಕೊಪ್ಪರಿಗೆ ಆರೂಕಾಲಕ್ಕೆ ಮುಗಿಯಿತು, ಹರಿವಾಣಗಳು ಆರು ಐವತ್ತಕ್ಕೆ. ಯಾರೋ ಬೆಲ್ಲದ ಕಾಫಿ ತಂದಿಟ್ಟರು, ಅದು ಆರಿದ ಮೇಲೆ ಕುಡಿದೆ. ಗಿಂಡಿಗಳ ಕೊರಳಿನ ಸಂದಿಗೆ ಬೆರಳು ಹೋಗದ್ದರಿಂದ ಬಟ್ಟೆಯ ಬತ್ತಿ ಹೊಸೆದು ಎಳೆಯಬೇಕಾಯಿತು. ಅಲ್ಲಿ ಎಳ್ಳುಕಾಳಿನಷ್ಟು ಕಪ್ಪು ಉಳಿದದ್ದನ್ನು ಕಂಡೆ, ಬಿಟ್ಟೆ. ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ಎರಡನೆಯ ಕಾಲುದೀಪವನ್ನು ಒಣಬಟ್ಟೆಯಲ್ಲಿ ಒರೆಸಿ ನಿಲ್ಲಿಸಿದೆ. ಪೂವಕ್ಕನ ಸೊಸೆ ಅದಕ್ಕೆ ಎಣ್ಣೆ ಎರೆದು ಬತ್ತಿ ಹಚ್ಚಿದಳು.